ಕೆರೆಗೂ ಕಡಲಿಗೂ ಒಂದೇ ಗಾಳದ ಕೋಲು: ಕೊಳ್ಳುವ ಮುಂಚೆ ಏನೇನು ನೋಡಬೇಕು

ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಹರಿದು ಬೇಡ್ತಿಗೆ ಕೂಡುತ್ತದೆ. ಆ ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದು, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ನಮ್ಮ ಊರಿನ ನೀರೇ. ಮೇಲೆ ಸಿಹಿ, ಕೆಳಗೆ ಉಪ್ಪು. ಹುಬ್ಬಳ್ಳಿ-ಧಾರವಾಡದ ಗಾಳದ ಹುಚ್ಚರು ಓಡಾಡುವುದೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ. ವಾರದ ದಿನ ಸಂಜೆ ಹತ್ತಿರದ ಕೆರೆ. ಎರಡು ದಿನ ರಜೆ ಸಿಕ್ಕರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಇಲ್ಲವೇ ಕಾರವಾರ.

ಎರಡು ನೀರಿಗೂ ಬೇರೆ ಬೇರೆ ಸೆಟ್ ಇದ್ದರೆ ಚೆಂದ, ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಒಂದು ಕೋಲು ತಂದಿದ್ದಕ್ಕೇ ಮನೆಯಲ್ಲಿ ಲೆಕ್ಕ ಕೊಡಬೇಕಾಗಿರುವಾಗ ಎರಡನೆಯದನ್ನು ಎಲ್ಲಿ ಬಚ್ಚಿಡೋದು? ಹಾಗಾಗಿ ಎರಡೂ ಕಡೆ ನಡೆಯುವ ಒಂದೇ ಕೋಲು, ದಾರ ಸುತ್ತುವ ಒಂದೇ ರೀಲ್ ಆರಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿಯ ಮಾತು.

ನಾನು ಮೊದಲು ತಂದಿದ್ದು ಛತ್ರಿ ಕೋಲಿನ ಹಾಗೆ ಒಂದರೊಳಗೊಂದು ಮಡಚುವ ಟೆಲಿಸ್ಕೋಪಿಕ್ ರಾಡ್. ಜೊತೆಗೆ ಪುಟ್ಟ ರೀಲ್. "ಎಲ್ಲಾದಕ್ಕೂ ನಡೀತದ್ರೀ" ಅಂದಿದ್ದರು ಅಂಗಡಿಯವರು. ಕೆರೆಯಲ್ಲಿ ವರ್ಷವಿಡೀ ನಡೆಯಿತು. ಒಂದೇ ಒಂದು ದಿನ ಅಂಕೋಲಾಕ್ಕೆ ಒಯ್ದೆ. ರಾತ್ರಿ ಸುಸ್ತಾಗಿ ಮನೆಗೆ ಬಂದವನು ಕೋಲನ್ನು ಮೂಲೆಗೆ ಒರಗಿಸಿ ಮಲಗಿಬಿಟ್ಟೆ. ತಿಂಗಳು ಬಿಟ್ಟು ತೆಗೆದರೆ ಹ್ಯಾಂಡಲ್ ತಿರುಗಲಿಲ್ಲ. ರೀಲಿನ ಮೈಮೇಲೆ ಬಿಳಿ ಪುಡಿ, ದಾರ ಹಿಡಿಯುವ ಬೇಲ್ ತಂತಿಯ ಬುಡದಲ್ಲಿ ಕೆಂಪು ತುಕ್ಕು. ಕೋಲಿನ ಎರಡು ತುಂಡು ಒಂದಕ್ಕೊಂದು ಕಚ್ಚಿಕೊಂಡು ಹಿಂದೂ ಬರಲಿಲ್ಲ, ಮುಂದೂ ಬರಲಿಲ್ಲ.

ಉಪ್ಪುನೀರಿಗೆ ಮಾಡಿದ ಸಾಮಾನು ಕೆರೆಯಲ್ಲಿ ಆರಾಮಾಗಿ ನಡೆಯುತ್ತದೆ. ಕೆರೆಗೆ ಮಾಡಿದ ಸಾಮಾನು ಸಮುದ್ರದಲ್ಲಿ ನಡೆಯುವುದಿಲ್ಲ. ಅಂದರೆ ತಾಳಿಕೆ ಸಮುದ್ರದ್ದು ನೋಡಬೇಕು, ಅಳತೆ ಕೆರೆಯದು ನೋಡಬೇಕು. ಕೆಳಗಿನದೆಲ್ಲ ಇದನ್ನೇ ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡುವ ಬಗೆ.

ಮೊದಲು ಮೀನು, ಆಮೇಲೆ ಕೋಲು

ಕೊಳ್ಳಲು ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನಾನು ನಿಜವಾಗಿ ಎಲ್ಲಿಗೆ ಹೋಗುತ್ತೇನೆ, ಅಲ್ಲಿ ಯಾವ ಮೀನು ಸಿಗುತ್ತದೆ. ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ. ಕಳೆ ಇರುವ ಕಡೆ ಹಾವಿನ ತಲೆಯಂಥ ಮುರ್ರೆಲ್. ಹಾವೇರಿ ಜಿಲ್ಲೆಯವರಿಗೆ ವರದಾ ಇದೆ, ತುಂಗಭದ್ರಾ ಇದೆ. ಗಳಗನಾಥದ ಹತ್ತಿರ ಎರಡೂ ಕೂಡುತ್ತವೆ. ಹೊಳೆಯಲ್ಲಿ ಬಾಳೆ ಮೀನು ಸಿಕ್ಕರೆ ಕೈಗೆ ಬಲವಾದ ಕೆಲಸ. ಕೆರೆಯಲ್ಲಿ ಹಿಟ್ಟಿನ ಉಂಡೆ, ಶೇಂಗಾ ಹಿಂಡಿ, ಎರೆಹುಳು. ಸೀಸದ ಗುಂಡು ಸೇರಿ ಎಸೆಯುವ ತೂಕ 10ರಿಂದ 25 ಗ್ರಾಂ ದಾಟುವುದು ಕಡಿಮೆ.

ಘಟ್ಟದ ಕೆಳಗೆ ಲೆಕ್ಕ ಬೇರೆ. ಅಳಿವೆಯಲ್ಲಿ ಉಬ್ಬರ ಇಳಿತದ ಸೆಳೆತ ಇರುತ್ತದೆ. ಗುಂಡು ತಳದಲ್ಲಿ ನಿಲ್ಲಬೇಕಾದರೆ 30, 40 ಗ್ರಾಂ ಬೇಕು. ಸಿಗಡಿ ಕಟ್ಟಿ ಕೂತರೆ ಕೆಂಬೇರಿ ಜಾತಿಯವು ಬರಬಹುದು. ಗೋವಾ ಕಡೆಯವರು ಚೊಣಕ್ ಅನ್ನುವ ಸೀ ಬಾಸ್ ಬಂದರೆ ಅದೃಷ್ಟ. ಎರಡೂ ಲೆಕ್ಕ ಸೇರಿಸಿದರೆ ನಿಮ್ಮ ಕೋಲು 10ರಿಂದ 40 ಗ್ರಾಂವರೆಗೆ ಎಸೆಯಬಲ್ಲದ್ದಾಗಿರಬೇಕು. ಚೀಟಿಯ ಕೆಳಗೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಳ್ಳಿ. ಅಂಗಡಿಯಲ್ಲಿ ಇದೇ ನಿಮ್ಮನ್ನು ಕಾಯುವುದು.

ಕೋಲು: ಎಂಟು ಅಡಿ ಸಾಕು

ನಮ್ಮ ಕಾಕಾ ವರದಾ ದಂಡೆಯಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿಯೇ ಜೀವನವಿಡೀ ಮೀನು ಹಿಡಿದವರು. ನನ್ನ ಹೊಸ ಕೋಲು ನೋಡಿ, "ಇಷ್ಟ್ ರೊಕ್ಕಾ ಕೊಟ್ಟಿ, ಮೀನಿಗೆ ಗೊತ್ತಾಗ್ತದೇನೋ ತಮ್ಮಾ ಇದು ಜಪಾನಿಂದು ಅಂತ?" ಅಂದರು. ಮೀನಿಗೆ ಗೊತ್ತಾಗುವುದಿಲ್ಲ, ಖರೆ. ಆದರೆ ಬಿದಿರು ಕೋಲಿನ ದಾರ ಕೋಲಿನಷ್ಟೇ ಉದ್ದ. ನಮಗೆ ದಂಡೆಯಿಂದ 40, 50 ಮೀಟರ್ ಆಚೆ ಎಸೆಯಬೇಕಿದೆ.

ಉದ್ದದ ವಿಷಯಕ್ಕೆ ಬರೋಣ. ಕೆರೆಗೆ 6-7 ಅಡಿಯ ಕೋಲು ಹೇಳುತ್ತಾರೆ. ಬೀಚಿನಲ್ಲಿ ನಿಂತು ಅಲೆಗಳಾಚೆ ಎಸೆಯುವವರು 10ರಿಂದ 13 ಅಡಿ ಹಿಡಿಯುತ್ತಾರೆ. ಹದಿಮೂರು ಅಡಿ ಕೋಲನ್ನು ನಮ್ಮ ಕೆರೆ ದಂಡೆಗೆ ತಂದು ನೋಡಿ, ಹಿಂದಕ್ಕೆ ಬೀಸಿದ ಕೂಡಲೇ ಗಾಳ ಬಳ್ಳಾರಿ ಜಾಲಿಗೆ ಸಿಕ್ಕಿಬೀಳುತ್ತದೆ. ಎರಡಕ್ಕೂ ಹೊಂದುವುದು 8 ಅಡಿ. ನೀವು ಎತ್ತರ ಇದ್ದು, ಕರಾವಳಿಗೆ ಜಾಸ್ತಿ ಹೋಗುವವರಾದರೆ 9. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಂಟು ಅಡಿಯ ಕೋಲಿನಿಂದ ತೆರೆದ ಬೀಚಿನಲ್ಲಿ ದೊಡ್ಡ ಅಲೆ ದಾಟಿಸುವ ಆಸೆ ಬೇಡ. ಗಂಗಾವಳಿಯ ಅಳಿವೆ, ಕಾರವಾರದಲ್ಲಿ ಕಾಳಿ ಸಮುದ್ರ ಸೇರುವ ಕಡೆ, ಜನ ಗಾಳ ಹಾಕುವ ದಕ್ಕೆ, ಕಲ್ಲಿನ ದಂಡೆ, ಇಂಥ ಕಡೆ ಅದು ಧಾರಾಳವಾಗಿ ಸಾಕು.

ಹಿಡಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದೇ ಕೋಲಿನ ಜಾತಕ. ಉದ್ದ, ಎಸೆಯುವ ತೂಕ ಗ್ರಾಂನಲ್ಲಿ, ದಾರದ ಬಲ ಪೌಂಡ್‌ನಲ್ಲಿ, ಜೊತೆಗೆ 'ಪವರ್' ಮತ್ತು 'ಆ್ಯಕ್ಷನ್'. ಪವರ್ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅಂತ. ನಮಗೆ ಬೇಕಿರುವುದು 'ಮೀಡಿಯಂ ಹೆವಿ', ಅಂಗಡಿಯವರು 'ಎಂಎಚ್' ಅನ್ನುತ್ತಾರೆ. ಹಗುರ ಕೈ ಇದ್ದವರಿಗೆ 'ಮೀಡಿಯಂ' ಕೂಡ ಆದೀತು. ಆ್ಯಕ್ಷನ್ ಅಂದರೆ ಎಲ್ಲಿ ಬಗ್ಗುತ್ತದೆ ಅಂತ. ತುದಿ ಮಾತ್ರ ಬಗ್ಗಿದರೆ 'ಫಾಸ್ಟ್', ನಡುವಿನವರೆಗೆ ಬಗ್ಗಿದರೆ 'ಮಾಡರೇಟ್'. ಎರಡರ ನಡುವಿನ 'ಮಾಡರೇಟ್ ಫಾಸ್ಟ್' ಸಿಕ್ಕರೆ ಬಿಡಬೇಡಿ. ಮೆತ್ತಗಿನ ಹಿಟ್ಟಿನ ಉಂಡೆ ಎಸೆದಾಗ ಕಳಚಿ ಹಾರುವುದಿಲ್ಲ, ಮೀನನ್ನು ಮರುಳು ಮಾಡುವ ಲೋಹದ ತುಂಡು, ಅಂದರೆ ಜಿಗ್, ಎಸೆದರೂ ದೂರ ಹೋಗುತ್ತದೆ.

ಕೋಲಿನ ಮೈ ಫೈಬರ್ ಗ್ಲಾಸ್ ಆಗಿದ್ದರೆ ಗಟ್ಟಿ, ಆದರೆ ಭಾರ. ಸಂಜೆ ಹೊತ್ತಿಗೆ ಮುಂಗೈ ನೋಯುತ್ತದೆ. ಕಾರ್ಬನ್ ಹಗುರ, ಸಣ್ಣ ಕಡಿತವೂ ಕೈಗೆ ಗೊತ್ತಾಗುತ್ತದೆ. ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ. ಎರಡೂ ಬೆರೆಸಿದ ಕೋಲು ಹೊಸಬರಿಗೆ ಒಳ್ಳೇದು ಅಂತ ನನ್ನ ಅನಿಸಿಕೆ. ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಕಡೆ ಹೊಲ, ಕಾಲುವೆಗಳ ಮೇಲೆ ವಿದ್ಯುತ್ ತಂತಿ ಜೋತು ಬಿದ್ದಿರುವುದು ಹೊಸದಲ್ಲ. ತಲೆ ಮೇಲೆ ತಂತಿ ಇರುವ ಕಡೆ ಕೋಲು ಎತ್ತಲೇಬೇಡಿ. ಗುಡುಗು ಶುರುವಾದರೆ ಕೋಲು ಕೆಳಗಿಟ್ಟು ನೀರಿನಿಂದ ದೂರ ನಡೆಯಿರಿ.

ಮಡಚುವ ಟೆಲಿಸ್ಕೋಪಿಕ್ ಕೋಲು ಬ್ಯಾಗಿನಲ್ಲಿ ಹಿಡಿಸುತ್ತದೆ, ನಿಜ. ಆದರೆ ಅದರ ಹೊಟ್ಟೆಯೊಳಗೆ ಮರಳು ಮತ್ತು ಉಪ್ಪು ಹೋದರೆ ತೊಳೆಯುವುದು ಕಷ್ಟ. ನನ್ನದರ ಕಥೆ ಹೇಳಿದೆನಲ್ಲ. ಎರಡು ತುಂಡಿನ ಕೋಲು ತಗೊಳ್ಳಿ. ಎಂಟು ಅಡಿಯದು ಬಿಚ್ಚಿದರೆ ನಾಲ್ಕು ಅಡಿಯ ಎರಡು ತುಂಡು. ಬಸ್ಸಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ಹೋಗಬಹುದು. ಜೋಡಿಸುವ ಕಡೆ ಆಗಾಗ ಸ್ವಲ್ಪ ಮೇಣದ ಬತ್ತಿ ಉಜ್ಜಿದರೆ ಕಚ್ಚಿಕೊಳ್ಳುವುದೂ ಇಲ್ಲ, ಎಸೆಯುವಾಗ ಕಳಚಿ ಹೋಗುವುದೂ ಇಲ್ಲ.

ಉಪ್ಪು ಮೊದಲು ತಿನ್ನುವುದು ದಾರ ಹಾಯುವ ಬಳೆಗಳನ್ನು. 'ಗೈಡ್' ಅನ್ನುತ್ತಾರೆ. ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲ್ ಇರಬೇಕು, ಒಳಗಿನ ಉಂಗುರ ಸೆರಾಮಿಕ್ ಇರಬೇಕು. ಬರೀ ಮಿಂಚುವ ಲೋಹದ ಉಂಗುರ ಇದ್ದರೆ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಅದರಲ್ಲಿ ಗೀರು ಹಾಕುತ್ತದೆ. ಆಮೇಲೆ ಆ ಗೀರೇ ದಾರವನ್ನು ಕತ್ತರಿಸುತ್ತದೆ. ಉಂಗುರದಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಅಂತ ತಿಳಿಯಲು ಒಂದು ಚಿಟಿಕೆ ಹತ್ತಿ ಸಾಕು. ಹತ್ತಿಗೆ ನಮ್ಮ ಜಿಲ್ಲೆಗಳಲ್ಲಿ ಬರವೇ? ಪ್ರತಿ ಉಂಗುರದೊಳಗೆ ಸುತ್ತಲೂ ಒರೆಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಆ ಕೋಲು ಬೇಡ. ರೀಲ್ ಕೂರುವ ಜಾಗ ಗ್ರ್ಯಾಫೈಟಿನದಾಗಿರಲಿ, ಸ್ಕ್ರೂ ಬಿಗಿಯುವ ಥರದ್ದಿರಲಿ. ಹಿಡಿಕೆ ಕಾರ್ಕ್ ಆದರೆ ಚೆಂದ, ಸ್ಪಂಜಿನಂಥ ಇವಿಎ ಆದರೆ ತೊಳೆಯಲು ಸುಲಭ.

ರೀಲ್: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಕೋಲಿನ ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲ್ ತಗೊಳ್ಳಿ. ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲ್ ನೋಡಲು ಸೊಗಸು. ಆದರೆ ಹೆಬ್ಬೆರಳಿನ ಹದ ಬರುವವರೆಗೆ ದಾರ ಗುಬ್ಬಿ ಗೂಡಾಗುತ್ತದೆ.

ರೀಲಿನ ಅಳತೆಯನ್ನು 1000, 2500, 4000, 6000 ಅಂತ ಸಂಖ್ಯೆಯಲ್ಲಿ ಹೇಳುತ್ತಾರೆ. ಕೆರೆಗೆ 2500 ಸಾಕು, ದಂಡೆಯಿಂದ ಸಮುದ್ರಕ್ಕೆ 5000, 6000 ಬಳಸುವವರಿದ್ದಾರೆ. ನಮಗೆ 4000. ಆದರೆ ಶಿಮಾನೊ, ಡೈವಾ, ಪೆನ್ ಹೀಗೆ ಕಂಪನಿ ಬದಲಾದರೆ ಅದೇ ಸಂಖ್ಯೆಯ ರೀಲಿನ ಗಾತ್ರವೂ ಬದಲಾಗಬಹುದು. ಸಂಖ್ಯೆ ಒಂದನ್ನೇ ನಂಬಬೇಡಿ. ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲಿನ ಮೇಲೆ ಇಂಥ ದಪ್ಪದ ದಾರ ಇಷ್ಟು ಮೀಟರ್ ಅಂತ ಬರೆದಿರುತ್ತಾರೆ. 20 ಪೌಂಡ್ ಬ್ರೇಡ್ 200 ಮೀಟರ್ ಹಿಡಿಸಿದರೆ ಬೇಕಾದಷ್ಟಾಯಿತು.

ಉಪ್ಪುನೀರು ರೀಲಿಗೆ ಯಾಕಿಷ್ಟು ಶತ್ರು? ಒಂದು, ನೀರು ಆರಿದ ಮೇಲೂ ಉಪ್ಪಿನ ಹರಳು ಒಳಗೇ ಉಳಿದು, ಗಾಳಿಯ ತೇವ ಹೀರುತ್ತಾ ಕೂರುತ್ತದೆ. ಎರಡು, ಅಲ್ಯೂಮಿನಿಯಂ ಮತ್ತು ಸ್ಟೀಲ್ ಅಕ್ಕಪಕ್ಕ ಇದ್ದು ನಡುವೆ ಉಪ್ಪುನೀರು ಬಂದರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ನನ್ನ ರೀಲಿನ ಮೇಲಿದ್ದ ಬಿಳಿ ಪುಡಿ ಅದೇ. ಹಾಗಾಗಿ ಮೈ ಗ್ರ್ಯಾಫೈಟ್ ಮಿಶ್ರಣದ್ದಾದರೂ ಚಿಂತೆಯಿಲ್ಲ, ಅದು ತುಕ್ಕು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಆದರೆ 'ಆ್ಯನೊಡೈಸ್' ಮಾಡಿದ್ದಾಗಿರಲಿ, ಅಂದರೆ ಮೇಲೆ ಕಾಪಾಡುವ ಪದರ ಕೊಟ್ಟಿದ್ದು. ಹಗುರ ಅಂತ ಮೆಗ್ನೀಶಿಯಂ ಮೈಯ ರೀಲ್ ತೋರಿಸಿದರೆ ಮುಂದೆ ಹೋಗಿ. ಬಣ್ಣ ಒಮ್ಮೆ ಕೆತ್ತಿದರೆ ಅದಕ್ಕೆ ಉಪ್ಪು ಬೇಗ ಹತ್ತುತ್ತದೆ.

ಡಬ್ಬಿಯ ಮೇಲೆ 'ಹತ್ತು ಬೇರಿಂಗ್', 'ಹನ್ನೆರಡು ಬೇರಿಂಗ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ತುಕ್ಕು ಹಿಡಿಯದ, ಮುಚ್ಚಳ ಇರುವ ನಾಲ್ಕು ಬೇರಿಂಗ್ ಸಾಮಾನ್ಯದ ಹನ್ನೆರಡಕ್ಕಿಂತ ಮೇಲು. ಬೇರಿಂಗ್ ಜಾಸ್ತಿಯಾದಷ್ಟೂ ತುಕ್ಕು ಹಿಡಿಯುವ ಜಾಗಗಳೂ ಜಾಸ್ತಿ, ಅಲ್ವಾ? ನೀವು ಕೇಳಬೇಕಾದ ಪ್ರಶ್ನೆ ಬೇರೆ. ಮೀನು ಜಗ್ಗಿದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ, ಅದರೊಳಗೆ ನೀರು ಹೋಗದಂತೆ ಸೀಲ್ ಇದೆಯೇ? ದಾರ ಹಾಯುವ ಲೈನ್ ರೋಲರ್‌ನಲ್ಲಿ ಬೇರಿಂಗ್ ಇದೆಯೇ? ಹೆಚ್ಚುವರಿ ಸ್ಪೂಲ್ ಸಿಗುತ್ತದೆಯೇ? ಪೂರ್ತಿ ಸೀಲ್ ಆದ ರೀಲ್ ದುಬಾರಿ. ಡ್ರ್ಯಾಗ್ ಒಂದಾದರೂ ಸೀಲ್ ಆಗಿದ್ದರೆ ತಿಂಗಳಿಗೊಮ್ಮೆ ಕರಾವಳಿಗೆ ಹೋಗುವವರಿಗೆ ಸಾಕು.

ಕೈಯಲ್ಲಿ ಹಿಡಿದು ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ಒಳಗೆ ಮರಳು ಸಿಕ್ಕ ಹಾಗೆ ಕರಕರ ಅನ್ನಬಾರದು. ಹ್ಯಾಂಡಲ್ ಹಿಂದಕ್ಕೆ ತಳ್ಳಿ ನೋಡಿ, ಕೂಡಲೇ ತಡೆಯಬೇಕು. ಬೇಲ್ ತೆರೆದು ಮುಚ್ಚಿ, ಗಟ್ಟಿ ಶಬ್ದ ಬರಬೇಕು. ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ ದಾರ ಎಳೆಯಿರಿ. ಬೆಣ್ಣೆಯ ಹಾಗೆ ಬರಬೇಕು. ಮೊದಲು ತಡೆದು ಆಮೇಲೆ ಜಗ್ಗಿದರೆ, ದೊಡ್ಡ ಮೀನು ಓಡುವ ಆ ಮೊದಲ ಕ್ಷಣದಲ್ಲೇ ದಾರ ಹರಿಯುತ್ತದೆ. ಕೊನೆಗೆ ನಿಮಗೆ ಇಷ್ಟವಾದ ಕೋಲಿಗೆ ರೀಲ್ ಜೋಡಿಸಿ, ರೀಲಿನ ಮುಂದಿನ ಹಿಡಿಕೆಯ ಕೆಳಗೆ ಒಂದು ಬೆರಳಿಟ್ಟು ತೂಗಿ ನೋಡಿ. ತುದಿ ತುಂಬಾ ಕೆಳಕ್ಕೆ ಬಾಗಿದರೆ ಆ ಜೋಡಿ ಹೊಂದುವುದಿಲ್ಲ. ತುದಿಯನ್ನು ಛಾವಣಿಗೆ ಒತ್ತಿ ಬಗ್ಗಿಸುವುದು ಮಾತ್ರ ಬೇಡ. ಸುಮ್ನೆ ಕೋಲು ಮುರಿಯುತ್ತದೆ.

ದುಡ್ಡಿನ ಹಂಚಿಕೆ ನನ್ನ ಲೆಕ್ಕದಲ್ಲಿ ಹೀಗೆ. 7,000 ರೂಪಾಯಿ ಇದ್ದರೆ 4,000 ರೀಲಿಗೆ, 2,000 ಕೋಲಿಗೆ, ಉಳಿದ 1,000 ದಾರ, ಗಾಳ, ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ (ಸ್ವಿವೆಲ್), ಗುಂಡಿಗೆ. ಕೋಲಿಗೇ ಎಲ್ಲ ಸುರಿದು ಅಗ್ಗದ ರೀಲ್ ಕಟ್ಟಿದರೆ ಎರಡನೇ ಪ್ರವಾಸಕ್ಕೆ ಮತ್ತೆ ಅಂಗಡಿ ಮೆಟ್ಟಿಲು ಹತ್ತಬೇಕು.

ಎರಡು ಸ್ಪೂಲಿನ ಉಪಾಯ

ಒಂದೇ ಸೆಟ್ ಎರಡಾಗುವುದು ಇಲ್ಲಿ. ಒಂದು ಸ್ಪೂಲಿಗೆ 12 ಪೌಂಡ್ ಮೊನೊ, ಅಂದರೆ ಒಂದೇ ಎಳೆಯ ನೈಲಾನ್ ದಾರ ಸುತ್ತಿ, ಅದು ಕೆರೆಗೆ. ಇನ್ನೊಂದಕ್ಕೆ 20 ಪೌಂಡ್ ಬ್ರೇಡ್, ಅದು ಅಳಿವೆಗೆ. ಬದಲಾಯಿಸಲು ಅರ್ಧ ನಿಮಿಷ. ಮೊನೊ ಹಿಗ್ಗುತ್ತದೆ, ಅಗ್ಗ, ಗೆಂಡೆ ತಟ್ಟನೆ ಜಗ್ಗಿದರೂ ಅದರ ಬಾಯಿ ಹರಿಯದಂತೆ ತಾಳಿಕೊಳ್ಳುತ್ತದೆ. ಬ್ರೇಡ್ ಹೆಚ್ಚೂ ಕಡಿಮೆ ಹಿಗ್ಗುವುದಿಲ್ಲ. ತೆಳ್ಳಗೆ ಇರುವುದರಿಂದ ದೂರ ಹೋಗುತ್ತದೆ, ನೀರಿನ ಸೆಳೆತವೂ ಅದಕ್ಕೆ ಕಮ್ಮಿ.

ಬ್ರೇಡನ್ನು ನೇರವಾಗಿ ಸ್ಪೂಲಿಗೆ ಸುತ್ತಿದರೆ ಜಾರಿ ಗಿರಗಿರ ತಿರುಗುತ್ತದೆ. ಮೊದಲು ಹತ್ತು ಸುತ್ತು ಮೊನೊ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲಿನ ಅಂಚಿಗೆ 2 ಮಿಲಿಮೀಟರ್ ಜಾಗ ಬಿಡಿ. ಪೂರ್ತಿ ತುಂಬಿದರೆ ಎಸೆದಾಗ ಸುರುಳಿ ಸುರುಳಿಯಾಗಿ ಜಾರುತ್ತದೆ, ಕಡಿಮೆ ತುಂಬಿದರೆ ದೂರ ಹೋಗುವುದಿಲ್ಲ.

ಸಮುದ್ರದಲ್ಲಿ ಬ್ರೇಡಿನ ತುದಿಗೆ ಒಂದೂವರೆ ಮೀಟರ್ 30 ಪೌಂಡಿನ ದಪ್ಪ ಲೀಡರ್, ಅಂದರೆ ಗಾಳದ ಕಡೆ ಕಟ್ಟುವ ಗಟ್ಟಿ ದಾರ, ಬೇಕೇ ಬೇಕು. ಚೊಣಕಿನ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಚೂಪು. ಕಲ್ಲಿನ ಮೇಲಿನ ಚಿಪ್ಪುಗಳೂ ಹಾಗೇ. ಎರಡು ದಾರ ಸೇರಿಸಲು 'ಡಬಲ್ ಯುನಿ' ಗಂಟು ಕಲಿಯಿರಿ, ಮೊಬೈಲಿನಲ್ಲಿ ನೋಡಿ ಒಂದು ಸಂಜೆಯಲ್ಲಿ ಬರುತ್ತದೆ. ಬಿಗಿಯುವ ಮುಂಚೆ ಗಂಟನ್ನು ನೀರಿನಲ್ಲಿ ತೋಯಿಸಿ, ಇಲ್ಲದಿದ್ದರೆ ತಿಕ್ಕಾಟದ ಬಿಸಿಗೆ ದಾರದ ಬಲ ಹೋಗುತ್ತದೆ.

ಡ್ರ್ಯಾಗ್ ಎಷ್ಟು ಬಿಗಿಯಬೇಕು ಅನ್ನುವುದನ್ನು ಅಂದಾಜಿಗೆ ಬಿಡಬೇಡಿ. ದಾರದ ಬಲದ ಮೂರನೇ ಒಂದು ಭಾಗ ಮೀರಬಾರದು. 20 ಪೌಂಡ್ ಅಂದರೆ 9 ಕೆ.ಜಿ., ಹಾಗಾಗಿ ಹೆಚ್ಚೆಂದರೆ 3 ಕೆ.ಜಿ. 12 ಪೌಂಡ್ ಮೊನೊಗೆ ಒಂದೂವರೆ ಕೆ.ಜಿ. ಆಸುಪಾಸು. ಕೈಯಲ್ಲಿ ಹಿಡಿದು ತೂಗುವ ಕಾಟಾಕ್ಕೆ ದಾರದ ತುದಿ ಕಟ್ಟಿ ಒಬ್ಬರು ಹಿಡಿಯಲಿ, ಇನ್ನೊಬ್ಬರು ಕೋಲು ಬಾಗಿಸಿ ಎಳೆಯಲಿ. ಕಾಟಾ ಆ ಸಂಖ್ಯೆ ತೋರಿಸಿದಾಗ ದಾರ ಬಿಟ್ಟುಕೊಡಬೇಕು. ಮೀನು ದಂಡೆಗೆ ಬಂದಾಗ ಕೋಲನ್ನು ತಲೆ ಮೇಲೆ ಲಂಬವಾಗಿ ಎತ್ತಿ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಎಷ್ಟೋ ಕೋಲು ಮುರಿಯುವುದು ಆಗಲೇ. ದೊಡ್ಡ ಮೀನಿಗೆ ಬಲೆ ಚೀಲ ಇಟ್ಟುಕೊಳ್ಳಿ.

ಎಲ್ಲಿ ಹಾಕಬಹುದು, ಎಲ್ಲಿ ಬೇಡ

ನಮ್ಮ ಬಹಳಷ್ಟು ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಮರಿ ಬಿಟ್ಟವರು ಅವರು, ಅವರನ್ನು ಕೇಳದೆ ಗಾಳ ಹಾಕುವುದು ಕಳವೇ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಯಾರ ಕೆರೆ, ಪರವಾನಗಿ ಹೇಗೆ ಅಂತ ಗೊತ್ತಾಗುತ್ತದೆ. ಹುಬ್ಬಳ್ಳಿಗೆ ಕುಡಿಯುವ ನೀರಿಗಾಗಿ ಕಟ್ಟಿದ ನೀರಸಾಗರದಂಥ ಕಡೆ ಮೊದಲೇ ಕೇಳಿಕೊಳ್ಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕೋಲು ಒಯ್ಯಲೇಬೇಡಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಜಾಗ ಅದು. 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯೂ ಅದೇ ವರ್ಷ ಸೇರಿದ್ದು. ಎಲ್ಲೇ ಆಗಲಿ, ಕತ್ತರಿಸಿದ ದಾರದ ತುಂಡು ದಂಡೆಯಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರು?

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಅದು ದಂಡೆಯಲ್ಲಿ ಗಾಳ ಹಾಕುವವರ ಮೇಲಿನ ನಿಷೇಧವಲ್ಲ. ಆದರೂ ಆ ಎರಡು ತಿಂಗಳು ಕಲ್ಲಿನ ದಂಡೆ ಹತ್ತಬೇಡಿ. ಬಯಲುಸೀಮೆಯ ನಮಗೆ ಅಲೆಯ ಲೆಕ್ಕ ಗೊತ್ತಿರುವುದಿಲ್ಲ.

ಮನೆಗೆ ಬಂದ ಮೇಲೆ

ಮಲಗುವ ಮುಂಚೆ ತೊಳೆಯಿರಿ. ಬೆಳಿಗ್ಗೆ ಅಂದರೆ ಆಗುವುದಿಲ್ಲ. ರೀಲಿನ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಇಲ್ಲದಿದ್ದರೆ ನೀರು ಅದರೊಳಗೆ ಇಳಿಯುತ್ತದೆ. ಚೊಂಬಿನಿಂದ ನಿಧಾನವಾಗಿ ಸಿಹಿನೀರು ಹನಿಸುತ್ತಾ ಹ್ಯಾಂಡಲ್ ತಿರುಗಿಸಿ. ಪೈಪಿನ ರಭಸದ ನೀರು ಬೇಡ, ಅದು ಉಪ್ಪನ್ನು ಇನ್ನೂ ಒಳಗೆ ತಳ್ಳುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ಬೇಡ. ನಮ್ಮ ಕಡೆ ಬಹಳ ಬೋರ್‌ಗಳ ನೀರು ಸವಳು. ಒಣಗಿದ ಮೇಲೆ ಅದರದ್ದೇ ಬಿಳಿ ಕಲೆ ಉಳಿಯುತ್ತದೆ. ಹಾಗಾಗಿ ನಳದ ನೀರು ಒಂದು ಕೊಡ ಎತ್ತಿಟ್ಟು ಹೋಗಿ. ನಳಕ್ಕೆ ದಿನಾ ನೀರು ಬರುವುದಿಲ್ಲ ಅಂತ ನಿಮಗೂ ಗೊತ್ತಲ್ಲ. ಕೋಲಿನ ಬಳೆಗಳನ್ನು ಒಂದೊಂದಾಗಿ ಒರೆಸಿ. ಸ್ಪೂಲ್ ಬಿಚ್ಚಿ, ಡ್ರ್ಯಾಗ್ ಸಡಿಲಿಸಿ, ನೆರಳಿನಲ್ಲಿ ಆರಿಸಿ. ಆರಿದ ಮೇಲೆ ಲೈನ್ ರೋಲರ್, ಬೇಲಿನ ಬುಡ, ಹ್ಯಾಂಡಲ್ ಗುಬ್ಬಿಗೆ ಒಂದೊಂದೇ ಹನಿ ರೀಲ್ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗೆ ಗಟ್ಟಿಯಾಗುತ್ತದೆ.

ಕೆರೆಯಿಂದ ಬಂದಾಗ ಇಷ್ಟೆಲ್ಲ ಬೇಡ. ಆದರೆ ಎರೆಮಣ್ಣು ಮೆತ್ತಿದ್ದರೆ ಆರುವ ಮುಂಚೆ ಒರೆಸಿ. ಆರಿದರೆ ಸಿಮೆಂಟೇ.

ಅಂಕೋಲಾದಿಂದ ವಾಪಸ್ ಬರುವಾಗ ನಾನು ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲುತ್ತೇನೆ. ಒಂದು ಬಾಟಲಿ ಸಿಹಿನೀರು, ಒಂದು ಹಳೇ ಬನಿಯನ್ನು ಗಾಡಿಯಲ್ಲೇ ಇರುತ್ತದೆ. ಚಹಾ ಬರುವಷ್ಟರಲ್ಲಿ ರೀಲಿನ ಮೈ, ಬೇಲ್, ಬಳೆಗಳ ಒಂದು ಸುತ್ತಿನ ಒರೆತ ಮುಗಿದಿರುತ್ತದೆ. ಹೋಟೆಲಿನ ಹುಡುಗ ಪ್ರತಿ ಸಲ ಬಂದು ಕೇಳುವುದು ಒಂದೇ: "ಮೀನ ಎಲ್ರೀ ಅಣ್ಣಾ?"